ಕೋಲು, ಕಲ್ಲು ಮತ್ತು ನೆರಳು: ಯಾದಗಿರಿ ಸೀಮೆಯಲ್ಲಿ 'ಮಾಡಿ ಕಲಿ'ಯ ಚರಿತ್ರೆ

ನೀವು ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಎಂದಾದರೂ ಹೋಗಿದ್ದೀರಾ? ಹೋಗಿದ್ದರೆ, ಮಲಗಿದ ಬುದ್ಧನ ಹಾಗೆ ಕಾಣುವ ಬೆಟ್ಟದ ಸಾಲನ್ನು ಖಂಡಿತ ನೋಡಿರುತ್ತೀರಿ. ರಸ್ತೆಯಲ್ಲಿ ಹೋಗುವವರಿಗೆಲ್ಲ ಅದನ್ನು ತೋರಿಸುವುದು ಇಲ್ಲಿಯ ಜನರ ರೂಢಿ. ಆದರೆ ಅದೇ ಶಹಾಪುರದ ಸಮೀಪದ ವಿಭೂತಿಹಳ್ಳಿಯ ಬಯಲಿನಲ್ಲಿ ಇನ್ನೊಂದು ನೋಟವಿದೆ. ಅದನ್ನು ನೋಡಿದವರು ಕಡಿಮೆ. ಅಲ್ಲಿ ದುಂಡು ಬಂಡೆಗಲ್ಲುಗಳನ್ನು ಯಾರೋ ಸಾಲು ಸಾಲಾಗಿ, ಸರಿಸುಮಾರು ಸಮ ಅಂತರದಲ್ಲಿ ಇಟ್ಟಿದ್ದಾರೆ. ಹಿಂದಿನ ಸುರಪುರ ತಾಲ್ಲೂಕಿನ ಹಣಮಸಾಗರದ ಬಳಿ ಇಂಥದೇ, ಇದಕ್ಕಿಂತ ದೊಡ್ಡದಾದ ಕಲ್ಲಿನ ಸಾಲುಗಳಿವೆ. ಬೆಟ್ಟದಿಂದ ಉರುಳಿ ಬಂದ ಕಲ್ಲುಗಳು ಹೀಗೆ ನಿಲ್ಲುವುದಿಲ್ಲ. ಇವನ್ನು ಮನುಷ್ಯರು ಹೊತ್ತು, ಉರುಳಿಸಿ, ಅಳೆದು ಇಟ್ಟಿದ್ದಾರೆ.

ಏಕೆ ಇಟ್ಟರು? ಈ ಪ್ರಶ್ನೆಗೆ ಇಂದಿಗೂ ಎಲ್ಲರೂ ಒಪ್ಪುವ ಉತ್ತರವಿಲ್ಲ. ನಾನು ಈ ಲೇಖನ ಬರೆಯಲು ಅದೇ ಕಾರಣ. ಪ್ರಾಥಮಿಕ ಶಾಲೆಯ ವಿಜ್ಞಾನ ಮತ್ತು ಭೂಗೋಳವನ್ನು 'ಮಾಡಿ ಕಲಿಯಬೇಕು' ಎಂದು ನಾವೆಲ್ಲ ಹೇಳುತ್ತೇವೆ. ಹಾಗೆ ಹೇಳುವಾಗ ಪ್ರಯೋಗಾಲಯವಿಲ್ಲ, ಉಪಕರಣವಿಲ್ಲ, ಅನುದಾನವಿಲ್ಲ ಎಂದು ಕೊರಗುತ್ತೇವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಸಾಕ್ಷರತೆ ಶೇಕಡಾ 75ನ್ನು ದಾಟಿದ್ದಾಗ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು 52 ಮಾತ್ರ. ರಾಜ್ಯದಲ್ಲೇ ಅತಿ ಕಡಿಮೆ. ಇಂಥ ಜಿಲ್ಲೆಗೆ ವಿಜ್ಞಾನವನ್ನು ಹೊರಗಿನಿಂದ ತಂದು ಕೊಡಬೇಕು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ನೆಲದ ಚರಿತ್ರೆ ಬೇರೆಯೇ ಕಥೆ ಹೇಳುತ್ತದೆ.

ಇಸಾಂಪುರದ ಕಾರ್ಯಾಗಾರ

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಈ ಭೂಭಾಗವನ್ನು ಪುರಾತತ್ತ್ವಜ್ಞರು 'ಶೋರಾಪುರ ದೋಆಬ್' ಎಂದು ಕರೆಯುತ್ತಾರೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊ. ಕೆ. ಪದ್ದಯ್ಯನವರು 1960ರ ದಶಕದ ಮಧ್ಯದಿಂದ ಹಲವು ದಶಕಗಳ ಕಾಲ ಇಲ್ಲಿಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ನಡೆದಾಡಿ, ಹಳೆಯ ಶಿಲಾಯುಗದ ನೂರಾರು ನೆಲೆಗಳನ್ನು ಗುರುತಿಸಿದರು. ಅವುಗಳಲ್ಲಿ ಮುಖ್ಯವಾದದ್ದು ಇಸಾಂಪುರ. 1990ರ ದಶಕದ ಕೊನೆಯಲ್ಲಿ ಅಲ್ಲಿ ಉತ್ಖನನ ನಡೆಯಿತು. ದೊರೆತದ್ದು ಅರಮನೆಯಲ್ಲ, ಚಿನ್ನವಲ್ಲ. ಒಂದು ಕಲ್ಲುಗಣಿ ಮತ್ತು ಅದಕ್ಕೆ ಹೊಂದಿದ ಕೆಲಸದ ಜಾಗ. ಸುಣ್ಣಕಲ್ಲಿನ ಚಪ್ಪಡಿಗಳನ್ನು ಆರಿಸಿ, ಗಟ್ಟಿಯಾದ ಬೇರೆ ಕಲ್ಲುಗಳಿಂದ ಬಡಿದು, ಕೈಗೊಡಲಿ ಮತ್ತು ಸೀಳುಗತ್ತಿಗಳನ್ನು ಅಲ್ಲಿ ತಯಾರಿಸಲಾಗುತ್ತಿತ್ತು. ಚೆಕ್ಕೆಗಳು, ಅರ್ಧ ಮಾಡಿ ಬಿಟ್ಟ ಉಪಕರಣಗಳು, ಬಡಿಯುವ ಕಲ್ಲುಗಳು ಎಲ್ಲವೂ ಅಲ್ಲೇ ಉಳಿದಿದ್ದವು. ಅಲ್ಲಿ ಸಿಕ್ಕ ಪ್ರಾಣಿಯ ಹಲ್ಲಿನ ಎನಾಮಲನ್ನು ಎಲೆಕ್ಟ್ರಾನ್ ಸ್ಪಿನ್ ಅನುರಣನ ವಿಧಾನದಿಂದ ಪರೀಕ್ಷಿಸಿದಾಗ ಬಂದ ವಯಸ್ಸು ಸುಮಾರು 12 ಲಕ್ಷ ವರ್ಷ.

ಇಲ್ಲಿ ಒಂದು ಮಾತನ್ನು ಗಮನಿಸಿ. ಕಲ್ಲನ್ನು ಎಲ್ಲಿ ಬಡಿದರೆ ಯಾವ ಕೋನದಲ್ಲಿ ಚೆಕ್ಕೆ ಏಳುತ್ತದೆ ಎಂಬುದನ್ನು ಪುಸ್ತಕ ಓದಿ ಕಲಿಯಲಾಗದು. ಹಿರಿಯರು ಬಡಿಯುವುದನ್ನು ಕಿರಿಯರು ನೋಡಿರಬೇಕು, ತಾವೂ ಬಡಿದಿರಬೇಕು, ಹಲವು ಕಲ್ಲುಗಳನ್ನು ಕೆಡಿಸಿರಬೇಕು. ಹಾಗೆ ನೋಡಿದರೆ ಇಸಾಂಪುರವನ್ನು ಜಗತ್ತಿನ ಅತಿ ಹಳೆಯ 'ಮಾಡಿ ಕಲಿ' ತಾಣಗಳಲ್ಲಿ ಒಂದೆನ್ನಲು ಅಡ್ಡಿಯಿಲ್ಲ.

ಟೇಲರನ ಅಳತೆ, ಟೇಲರನ ಊಹೆ

ಈಗ 19ನೆಯ ಶತಮಾನಕ್ಕೆ ಬನ್ನಿ. ಸುರಪುರ ಆಗ ನಾಯಕ ಅರಸರ ಸಂಸ್ಥಾನ. 1841ರ ಹೊತ್ತಿಗೆ ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿ ಬ್ರಿಟಿಷರ ಪ್ರತಿನಿಧಿಯಾಗಿ ಇಲ್ಲಿಗೆ ಬಂದ. ಹದಿನೈದನೆಯ ವಯಸ್ಸಿಗೇ ಭಾರತಕ್ಕೆ ಬಂದವನಿಗೆ ವಿಶ್ವವಿದ್ಯಾನಿಲಯದ ಶಿಕ್ಷಣವಿರಲಿಲ್ಲ. ಭೂಮಾಪನ, ಭೂವಿಜ್ಞಾನ, ಕಟ್ಟಡ ನಿರ್ಮಾಣ, ಇಲ್ಲಿಯ ಭಾಷೆಗಳು, ಎಲ್ಲವನ್ನೂ ಅವನು ಕೆಲಸ ಮಾಡುತ್ತಲೇ ಕಲಿತ. ಸುರಪುರದ ಗುಡ್ಡದ ಮೇಲೆ ಅವನು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಇದೆ. ನಾಯಕ ಅರಸರ ಕಾಲದ ಬೋನಾಳ ಕೆರೆಯನ್ನು ಅವನು ಅಭಿವೃದ್ಧಿಪಡಿಸಿದ. ಅದು ಈಗ ಪಕ್ಷಿಧಾಮ. ಅವನನ್ನು ಹೊಗಳಲು ಇದನ್ನು ಹೇಳುತ್ತಿಲ್ಲ. ಅವನು ಈ ಸಂಸ್ಥಾನವನ್ನು ಪರಾಯಿ ಅಧಿಕಾರದ ಹಿಡಿತದಲ್ಲಿಡಲು ಬಂದವನು. ಅವನ ಕಣ್ಣೆದುರೇ ಬೆಳೆದ ರಾಜಾ ವೆಂಕಟಪ್ಪ ನಾಯಕ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಸೆರೆಯಾಗಿ, ಅದೇ ವರ್ಷ ಗುಂಡೇಟಿನಿಂದ ಸತ್ತ.

ನಮ್ಮ ವಿಷಯಕ್ಕೆ ಮುಖ್ಯವಾದದ್ದು ಟೇಲರನ ಇನ್ನೊಂದು ಕೆಲಸ. ಸುರಪುರ ಸೀಮೆಯ ಶಿಲಾಸಮಾಧಿಗಳನ್ನು, ಕಲ್ಲುವೃತ್ತಗಳನ್ನು, ಕಲ್ಲಿನ ಸಾಲುಗಳನ್ನು ಅವನು ನೋಡಿ, ಅಳೆದು, ನಕ್ಷೆ ಬರೆದು 1850ರ ದಶಕದ ಆರಂಭದಲ್ಲಿ ಮುಂಬಯಿಯ ವಿದ್ವತ್ ಪತ್ರಿಕೆಯಲ್ಲಿ ಪ್ರಕಟಿಸಿದ. ಭೀಮಾ ತೀರದ ಜೇವರ್ಗಿಯಲ್ಲಿ ಸಮಾಧಿಗಳನ್ನು ಅಗೆದಾಗ ಯಾವ ಪದರದಲ್ಲಿ ಏನಿತ್ತು ಎಂಬುದನ್ನು ಅಡ್ಡಸೀಳು ಚಿತ್ರಗಳಲ್ಲಿ ದಾಖಲಿಸಿದ. ನೂರು ವರ್ಷಗಳ ನಂತರ ಮಾರ್ಟಿಮರ್ ವೀಲರನಂಥ ಪುರಾತತ್ತ್ವಜ್ಞ ಆ ಚಿತ್ರಗಳನ್ನು ಮೆಚ್ಚಿಕೊಂಡ.

ಆದರೆ ಟೇಲರ್ ಇದೆಲ್ಲದರಿಂದ ತೆಗೆದ ತೀರ್ಮಾನ ಏನು? ಈ ಕಲ್ಲುಗಳು ಬ್ರಿಟನ್ನಿನ ಕಲ್ಲುಗಳ ಹಾಗಿವೆ; ಆದ್ದರಿಂದ ಎರಡನ್ನೂ ಶಕ ಮೂಲದ, ಡ್ರೂಯಿಡ್ ಪೂಜಾರಿಗಳ ಸಂಬಂಧದ ಜನ ನಿರ್ಮಿಸಿರಬೇಕು ಎಂದು! ಇಂದು ಈ ಊಹೆಯನ್ನು ಯಾರೂ ಒಪ್ಪುವುದಿಲ್ಲ. ಇಲ್ಲಿಯ ಶಿಲಾಸಮಾಧಿಗಳು ದಕ್ಷಿಣ ಭಾರತದ ಕಬ್ಬಿಣಯುಗದ ಜನರವು. ಟೇಲರನ ಊಹೆ ಬಿದ್ದುಹೋಯಿತು. ಅವನ ಅಳತೆ ಉಳಿಯಿತು. ಮಕ್ಕಳಿಗೆ ವಿಜ್ಞಾನದ ವಿಧಾನವನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿದೆ? ನೋಡಿದ್ದನ್ನು ಒಂದು ಪುಟದಲ್ಲಿ, ಅಂದುಕೊಂಡದ್ದನ್ನು ಇನ್ನೊಂದು ಪುಟದಲ್ಲಿ ಬರೆಯಬೇಕು. ಎರಡನೆಯ ಪುಟ ಹರಿದರೂ ಮೊದಲನೆಯದು ಉಳಿಯುತ್ತದೆ.

ಟೇಲರನ ನಂತರ 1950ರ ದಶಕದಲ್ಲಿ ರೇಮಂಡ್ ಆಲ್ಚಿನ್ ಈ ಕಲ್ಲಿನ ಸಾಲುಗಳನ್ನು ಅಧ್ಯಯನ ಮಾಡಿದರು. ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಯ ಎನ್. ಕಾಮೇಶ್ವರ ರಾವ್ 2005ರಲ್ಲಿ ಒಂದು ಕುತೂಹಲಕರ ವಿಷಯವನ್ನು ಪ್ರಕಟಿಸಿದರು. ಅವರ ಪ್ರಾಥಮಿಕ ವೀಕ್ಷಣೆಗಳ ಪ್ರಕಾರ ವಿಭೂತಿಹಳ್ಳಿ ಮತ್ತು ಹಣಮಸಾಗರದ ಕೆಲವು ಸಾಲುಗಳು ವಿಷುವ ದಿನ ಹಾಗೂ ಅಯನ ಬದಲಾಗುವ ದಿನಗಳಲ್ಲಿ ಸೂರ್ಯ ಹುಟ್ಟುವ ಅಥವಾ ಮುಳುಗುವ ದಿಕ್ಕನ್ನು ತೋರುತ್ತವೆ. ಅಂದರೆ ಈ ಬಯಲು ಒಂದು ಪಂಚಾಂಗವಾಗಿದ್ದಿರಬಹುದು. 'ಇರಬಹುದು' ಎಂಬ ಪದವನ್ನು ಬೇಕೆಂದೇ ಬಳಸಿದ್ದೇನೆ. ನೂರಾರು ಕಲ್ಲುಗಳಿರುವಲ್ಲಿ ಎಷ್ಟೋ ಗೆರೆಗಳನ್ನು ಎಳೆಯಬಹುದು. ಅವುಗಳಲ್ಲಿ ಕೆಲವು ಆಕಸ್ಮಿಕವಾಗಿ ಸೂರ್ಯನ ಕಡೆ ತಿರುಗಿರಬಹುದು. ಇದನ್ನು ನಿರ್ಧರಿಸಲು ಇರುವ ದಾರಿ ಮತ್ತೆ ಮತ್ತೆ ಅಳೆಯುವುದು ಒಂದೇ.

ಕೈಯನ್ನು ಮರೆತ ಶಾಲೆ

ಇಂಥ ನೆಲದ ಮಕ್ಕಳು ಶಾಲೆಯಲ್ಲಿ ವಿಜ್ಞಾನವನ್ನು ಹೇಗೆ ಕಲಿತರು? ಸುರಪುರ 1860ರ ಹೊತ್ತಿಗೆ ಹೈದರಾಬಾದು ನಿಜಾಮರ ಆಳ್ವಿಕೆಗೆ ಸೇರಿತು. ಮುಂದೆ ಆ ಸಂಸ್ಥಾನದಲ್ಲಿ ಉನ್ನತ ಶಿಕ್ಷಣದ ಮಾಧ್ಯಮ ಉರ್ದುವಾಯಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇನ್ನೊಂದು ನುಡಿ. ಪದಗಳೇ ಅಪರಿಚಿತವಾಗಿದ್ದಾಗ ಬಾಯಿಪಾಠವೇ ಗತಿ. 1948ರ ಸೆಪ್ಟೆಂಬರಿನಲ್ಲಿ ಈ ಭಾಗ ಭಾರತ ಒಕ್ಕೂಟಕ್ಕೆ ಸೇರಿತು. 1956ರಲ್ಲಿ ಮೈಸೂರು ರಾಜ್ಯದ ಭಾಗವಾಯಿತು. ಕನ್ನಡ ಪಠ್ಯಗಳು ಬಂದವು. ಬಾಯಿಪಾಠದ ರೂಢಿ ಮಾತ್ರ ಹೋಗಲಿಲ್ಲ.

ಹಾಗೆಂದು ದೇಶ ಸುಮ್ಮನೆ ಕುಳಿತಿರಲಿಲ್ಲ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರ ಮುಂದಿಟ್ಟರು. ಅದರ ಪಠ್ಯಕ್ರಮ ರೂಪಿಸಿದ ಸಮಿತಿಗೆ ಝಾಕಿರ್ ಹುಸೇನರು ಅಧ್ಯಕ್ಷರಾಗಿದ್ದರು. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಒಂದು ಪ್ರಯೋಗ ಆರಂಭವಾಯಿತು. ಹಳ್ಳಿಯ ಮಾಧ್ಯಮಿಕ ಶಾಲೆಯ ಮಕ್ಕಳು ತಾವೇ ಪ್ರಯೋಗ ಮಾಡಿ, ತಾವೇ ತೀರ್ಮಾನ ಬರೆಯಬೇಕು. ಪರೀಕ್ಷೆಗೆ ಪುಸ್ತಕ ತರಬಹುದು! ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು. 1975ರ ರಾಷ್ಟ್ರೀಯ ಪಠ್ಯಕ್ರಮ ಪ್ರಾಥಮಿಕ ಹಂತದಲ್ಲಿ ಪರಿಸರ ಅಧ್ಯಯನವನ್ನು ತಂದಿತು. ವಿಜ್ಞಾನ, ಭೂಗೋಳ ಎರಡನ್ನೂ ಮಗು ತನ್ನ ಸುತ್ತಲಿನಿಂದಲೇ ಆರಂಭಿಸಬೇಕೆಂಬುದು ಅದರ ಹಿಂದಿನ ಆಶಯ.

ಕರ್ನಾಟಕದಲ್ಲಿ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 'ನಲಿ-ಕಲಿ' ಶುರುವಾಯಿತು. ಆಂಧ್ರದ ರಿಷಿ ವ್ಯಾಲಿಯ ಮಾದರಿಯನ್ನು ನೋಡಿ ಬಂದ ಸರ್ಕಾರಿ ಶಾಲೆಯ ಶಿಕ್ಷಕರೇ ಅದರ ಕಾರ್ಡುಗಳನ್ನು, ಚಟುವಟಿಕೆಗಳನ್ನು ರೂಪಿಸಿದರು. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಆರಂಭದ ತರಗತಿಗಳಿಗೆ ವಿಸ್ತರಿಸಿತು. ಇತ್ತ ಸುರಪುರ ತಾಲ್ಲೂಕಿನಲ್ಲಿ 2000ರ ದಶಕದ ಮಧ್ಯದಿಂದ ಕೆಲವು ವರ್ಷ ರಾಜ್ಯ ಸರ್ಕಾರ, ಯುನಿಸೆಫ್ ಮತ್ತು ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೂಡಿ 'ಮಗುಸ್ನೇಹಿ ಶಾಲೆ'ಯ ಕಾರ್ಯಕ್ರಮ ನಡೆಸಿದವು. ಆಗ ಯಾದಗಿರಿ ಇನ್ನೂ ಜಿಲ್ಲೆಯಾಗಿರಲಿಲ್ಲ. ಗುಲ್ಬರ್ಗಾದಿಂದ ಅದು ಬೇರೆಯಾದದ್ದು 2009-10ರಲ್ಲಿ.

ಈ ಚರಿತ್ರೆಯಲ್ಲಿ ಒಂದು ಎಚ್ಚರಿಕೆಯಿದೆ. ಕಾರ್ಯಕ್ರಮಗಳು ಬರುತ್ತವೆ, ಹೋಗುತ್ತವೆ. ಹೋದ ಮೇಲೆ ಉಳಿಯುವುದು ಶಿಕ್ಷಕರ ಕೈಗೆ ಹತ್ತಿದ ಅಭ್ಯಾಸ ಮಾತ್ರ. ಆ ಅಭ್ಯಾಸ ಹತ್ತದಿದ್ದರೆ 'ಪ್ರಾಜೆಕ್ಟ್' ಎಂಬುದು ಅಂಗಡಿಯಲ್ಲಿ ಸಿಗುವ ವಸ್ತುವಾಗುತ್ತದೆ. ನೀವೂ ನೋಡಿರಬಹುದು: ಥರ್ಮೋಕೋಲಿನ ಜ್ವಾಲಾಮುಖಿ, ಬಣ್ಣದ ಹಾಳೆಯ ಸೌರವ್ಯೂಹ, ಅಣ್ಣ ಬರೆದುಕೊಟ್ಟ ಚಾರ್ಟು. ಮಗು ಅದಕ್ಕೆ ಹೆಸರು ಬರೆಯುತ್ತದೆ, ಗುರುಗಳು ಅಂಕ ಬರೆಯುತ್ತಾರೆ. ಅದರಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿ ಒಂದೂ ಇರುವುದಿಲ್ಲ. ಇಂಥ ಮಕ್ಕಳೇ ಮುಂದೆ ನನ್ನ ಪದವಿ ತರಗತಿಗೆ ಬರುತ್ತಾರೆ. ಕಾಂತಕ್ಷೇತ್ರದ ಸೂತ್ರ ಬರೆಯುತ್ತಾರೆ. ಉತ್ತರ ಯಾವ ಕಡೆ ಎಂದರೆ ಮುಖ ಮುಖ ನೋಡುತ್ತಾರೆ. ತಪ್ಪು ಅವರದಲ್ಲ.

ಒಂದು ಕೋಲು, ಒಂದು ವರ್ಷ

ಹಾಗಾದರೆ ಏನು ಮಾಡಬಹುದು? ಒಂದು ಮೀಟರ್ ಉದ್ದದ ನೇರ ಕೋಲನ್ನು ಶಾಲೆಯ ಅಂಗಳದಲ್ಲಿ ಲಂಬವಾಗಿ ನೆಡಿ. ಲಂಬವೋ ಅಲ್ಲವೋ ನೋಡಲು ಗೌಂಡಿಯ ತೂಗುಗುಂಡು ಸಾಕು. ಕೋಲಿನ ಬುಡವನ್ನು ಕೇಂದ್ರವಾಗಿಟ್ಟು ನೆಲದ ಮೇಲೆ ವೃತ್ತ ಎಳೆಯಿರಿ. ಬೆಳಿಗ್ಗೆ ನೆರಳಿನ ತುದಿ ವೃತ್ತದೊಳಗೆ ಬರುವ ಬಿಂದು, ಮಧ್ಯಾಹ್ನದ ಮೇಲೆ ಅದು ಹೊರಗೆ ಹೋಗುವ ಬಿಂದು, ಎರಡನ್ನೂ ಗುರುತಿಸಿ ಕೂಡಿಸಿ. ಸಿಕ್ಕ ಗೆರೆಯೇ ಪೂರ್ವ-ಪಶ್ಚಿಮ. ದಿಕ್ಸೂಚಿ ಬೇಡ. ಇದು ಶುಲ್ಬಸೂತ್ರಗಳ ಕಾಲದಿಂದ ನಮ್ಮಲ್ಲಿ ಬಂದ ವಿಧಾನ; ಕೋಲಿಗೆ ಹಳೆಯ ಹೆಸರು 'ಶಂಕು'.

ಇನ್ನು ನೆರಳು ಅತಿ ಚಿಕ್ಕದಾಗುವ ಕ್ಷಣವನ್ನು ಹುಡುಕಬೇಕು. ಇಲ್ಲಿ ನನ್ನದೇ ಒಂದು ಪೆಚ್ಚಾದ ಅನುಭವ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಫೆಬ್ರವರಿಯ ನಡುವೆ, ಈ ಭಾಗದ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ಇದನ್ನು ತೋರಿಸಲು ಹೋಗಿದ್ದೆ. ಗಡಿಯಾರದಲ್ಲಿ ಸರಿಯಾಗಿ ಹನ್ನೆರಡಕ್ಕೆ ನೆರಳು ಅಳೆದು, 60 ಸೆಂಟಿಮೀಟರ್ ಎಂದು ಬರೆಸಿ, ಕೋಲು ಕೀಳಲು ಹೊರಟೆ. ಐದನೆಯ ತರಗತಿಯ ಹುಡುಗಿಯೊಬ್ಬಳು, "ಸರ್, ನೆಳ್ಳು ಇನ್ನಾ ಸಣ್ಣಾಗಲಾಕತ್ತದ ನೋಡ್ರಿ" ಎಂದಳು. ಹೌದು! ಅದು 57 ಸೆಂಟಿಮೀಟರಿಗೆ ಇಳಿದು ನಿಂತಾಗ 12 ಗಂಟೆ 37 ನಿಮಿಷ ಆಗಿತ್ತು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಶಹಾಪುರ ಇರುವುದು ಸುಮಾರು 76.8 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಸುಮಾರು 23 ನಿಮಿಷ ತಡ. ಅದರ ಮೇಲೆ ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ಓರೆಯಾಗಿರುವುದರಿಂದಲೂ ಫೆಬ್ರವರಿಯಲ್ಲಿ ಇನ್ನೂ 14 ನಿಮಿಷ. ಇದೆಲ್ಲ ನನಗೆ ಪುಸ್ತಕದಲ್ಲಿ ಗೊತ್ತಿತ್ತು, ಅಂಗಳದಲ್ಲಿ ಗೊತ್ತಿರಲಿಲ್ಲ. ಆ ಹುಡುಗಿಗೆ ಪುಸ್ತಕ ಗೊತ್ತಿರಲಿಲ್ಲ. ಆದರೆ ಅವಳು ನೆರಳನ್ನು ನೋಡುತ್ತಿದ್ದಳು.

ತಿಂಗಳಿಗೆ ಎರಡು ಸಲ ಈ ನಡುಹಗಲಿನ ನೆರಳನ್ನು ಅಳೆದು ಗೋಡೆಯ ಮೇಲೆ ಬರೆದರೆ ಒಂದು ವರ್ಷದಲ್ಲಿ ಏನು ಕಾಣುತ್ತದೆ? ಶಹಾಪುರದ ಅಕ್ಷಾಂಶದಲ್ಲಿ ಒಂದು ಮೀಟರ್ ಕೋಲಿಗೆ ವಿಷುವ ದಿನ ಸುಮಾರು 30 ಸೆಂಟಿಮೀಟರ್ ನೆರಳು. ಡಿಸೆಂಬರ್ 22ರ ಹೊತ್ತಿಗೆ 84 ಸೆಂಟಿಮೀಟರ್. ಜೂನ್ 21ರ ಹೊತ್ತಿಗೆ ನೆರಳು ದಕ್ಷಿಣಕ್ಕೆ ತಿರುಗಿ 12 ಸೆಂಟಿಮೀಟರ್ ಇರುತ್ತದೆ. ನಡುವೆ ಎರಡು ಸಲ ನೆರಳೇ ಇಲ್ಲದ ದಿನ ಬರುತ್ತದೆ: ಮೇ ಮೊದಲ ವಾರದ ಕೊನೆ ಮತ್ತು ಆಗಸ್ಟ್ ಮೊದಲ ವಾರದ ಕೊನೆ. ಮೇನಲ್ಲಿ ಶಾಲೆಗೆ ರಜೆ, ಆಗಸ್ಟಿನಲ್ಲಿ ಮೋಡ; ಆದರೂ ಮೋಡ ಸರಿದ ಹತ್ತು ನಿಮಿಷ ಸಾಕು.

ನೆರಳು ಅತಿ ಉದ್ದವಾಗುವುದು ಡಿಸೆಂಬರಿನಲ್ಲಿ ಎಂದು ಕಂಡ ಮಕ್ಕಳು ಒಂದು ಪ್ರಶ್ನೆ ಕೇಳಿಯೇ ಕೇಳುತ್ತಾರೆ: ಉತ್ತರಾಯಣ ಆರಂಭವಾಗುವುದು ಸಂಕ್ರಾಂತಿಗೆ ಅಲ್ಲವೇ? ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಬರುತ್ತಿದ್ದವು. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ಓಲಾಡುವುದರಿಂದ ಅವು ಸರಿದಿವೆ. ಎಳ್ಳು-ಬೆಲ್ಲದ ಹಬ್ಬಕ್ಕೆ ಇದರಿಂದ ಏನೂ ಕೊರತೆಯಾಗದು. ಮಗುವಿಗೆ ಒಂದು ದೊಡ್ಡ ಸತ್ಯ ತನ್ನ ಅಂಗಳದಲ್ಲೇ ಸಿಗುತ್ತದೆ.

ಹೀಗೆ ಪೂರ್ವದ ಗೆರೆ ಎಳೆಯಲು ಕಲಿತ ಮಕ್ಕಳನ್ನು ಡಿಸೆಂಬರಿನ ಒಂದು ಬೆಳಿಗ್ಗೆ ವಿಭೂತಿಹಳ್ಳಿಗೆ ಕರೆದೊಯ್ಯಿರಿ. ಅಂದು ಸೂರ್ಯ ನೇರ ಪೂರ್ವದಿಂದ ದಕ್ಷಿಣಕ್ಕೆ ಸುಮಾರು 24.5 ಡಿಗ್ರಿ ಸರಿದು ಹುಟ್ಟುತ್ತಾನೆ. ಕಲ್ಲಿನ ಸಾಲು ಆ ಕಡೆ ನೋಡುತ್ತದೆಯೋ ಇಲ್ಲವೋ ಅವರೇ ಅಳೆಯಲಿ. ಕಲ್ಲನ್ನು ಅಲುಗಾಡಿಸಬಾರದು, ಅದರ ಮೇಲೆ ಬರೆಯಬಾರದು ಎಂದು ಮೊದಲೇ ಹೇಳಿ. ಒಂದು ಕಲ್ಲು ಸರಿದರೆ ಒಂದು ಮಾಹಿತಿ ಅಳಿದಂತೆ. ಉಳುಮೆ, ರಸ್ತೆ, ಗಣಿಗಳ ಕಾಲದಲ್ಲಿ ಇಂಥ ಬಯಲುಗಳಿಗೆ ಅವುಗಳ ಬೆಲೆ ಗೊತ್ತಿರುವ ಊರ ಮಕ್ಕಳಿಗಿಂತ ಒಳ್ಳೆಯ ಕಾವಲು ಸಿಗದು.

ಸುರಪುರದಿಂದ ಮೈಸೂರಿಗೆ ಒಂದು ಪತ್ರ

ಭೂಪಟ ತೆರೆದು ನೋಡಿ. ಸುರಪುರ ಮತ್ತು ಮೈಸೂರು ಹೆಚ್ಚು ಕಡಿಮೆ ಒಂದೇ ರೇಖಾಂಶದ ಮೇಲಿವೆ. ಸುರಪುರದ ಅಕ್ಷಾಂಶ ಸುಮಾರು 16.5 ಡಿಗ್ರಿ, ಮೈಸೂರಿನದು 12.3. ವಿಷುವ ದಿನ ನಡುಹಗಲಿಗೆ ಒಂದು ಮೀಟರ್ ಕೋಲಿನ ನೆರಳು ಸುರಪುರದಲ್ಲಿ ಸುಮಾರು 30, ಮೈಸೂರಿನಲ್ಲಿ ಸುಮಾರು 22 ಸೆಂಟಿಮೀಟರ್ ಇರುತ್ತದೆ. ಕೋಲು ಮತ್ತು ನೆರಳನ್ನು ಹಾಳೆಯ ಮೇಲೆ ಅಳತೆಗೆ ತಕ್ಕಂತೆ ಬರೆದು ಕೋನಮಾಪಕದಿಂದ ಅಳೆದರೆ ವ್ಯತ್ಯಾಸ 4.2 ಡಿಗ್ರಿ. ಎರಡೂ ಊರುಗಳ ನಡುವಿನ ನೇರ ದೂರ ಭೂಪಟದ ಮಾನಕದಂತೆ ಸುಮಾರು 470 ಕಿಲೋಮೀಟರ್. 4.2 ಡಿಗ್ರಿಗೆ 470 ಆದರೆ 360 ಡಿಗ್ರಿಗೆ ಎಷ್ಟು? 40,000 ಕಿಲೋಮೀಟರಿಗೆ ಹತ್ತಿರ. ಭೂಮಿಯ ಸುತ್ತಳತೆ! ಕ್ರಿಸ್ತಪೂರ್ವ 3ನೆಯ ಶತಮಾನದಲ್ಲಿ ಎರಟೋಸ್ತನೀಸ್ ಈಜಿಪ್ಟಿನಲ್ಲಿ ಬಳಸಿದ್ದು ಇದೇ ತರ್ಕ. 19ನೆಯ ಶತಮಾನದ ಆರಂಭದಲ್ಲಿ ಲ್ಯಾಂಬ್ಟನ್ನನ ಮಹಾ ತ್ರಿಕೋನಮಿತಿ ಸರ್ವೇಕ್ಷಣೆ, ಗುತ್ತಿಯಿಂದ ಬೀದರಿನ ಕಡೆಗೆ, ಯಾದಗಿರಿಯ ಪೂರ್ವಕ್ಕೆ ಹಾದು ಹೋದದ್ದೂ ಭೂಮಿಯ ಆಕಾರವನ್ನು ಅರಿಯುವ ಉದ್ದೇಶದಿಂದಲೇ. ಲ್ಯಾಂಬ್ಟನ್ನನಿಗೆ ಅರ್ಧ ಟನ್ನಿನಷ್ಟು ಭಾರದ ಥಿಯೊಡೊಲೈಟ್ ಬೇಕಾಗಿತ್ತು. ನಮ್ಮ ಮಕ್ಕಳಿಗೆ ಕೋಲು ಮತ್ತು ಒಂದು ಪತ್ರ ಸಾಕು.

ನಿಮ್ಮ ಅಳತೆಯಲ್ಲಿ ಒಂದು ಸೆಂಟಿಮೀಟರ್ ತಪ್ಪಾದರೆ ಕೋನದಲ್ಲಿ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸವಾಗುತ್ತದೆ. ಉತ್ತರ ಐದಾರು ಸಾವಿರ ಕಿಲೋಮೀಟರ್ ಸರಿಯುತ್ತದೆ. ಸರಿಯಲಿ. ಬಂದ ಉತ್ತರವನ್ನೇ ಬರೆಯಲು ಹೇಳಿ, ಪುಸ್ತಕದ ಉತ್ತರಕ್ಕೆ ತಿದ್ದಬೇಡಿ. ತಪ್ಪು ಎಲ್ಲಿಂದ ಬಂತೆಂದು ಹುಡುಕುವುದೇ ಅರ್ಧ ವಿಜ್ಞಾನ.

ಶಿಕ್ಷಕ ಮಿತ್ರರೇ, ಇದನ್ನು ಓದುತ್ತಿರುವ ನಿಮ್ಮ ಕಷ್ಟಗಳು ನನಗೆ ಗೊತ್ತಿಲ್ಲದವಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಬೇಕು. ಹತ್ತಿ ಬಿಡಿಸುವ ಕಾಲಕ್ಕೆ ಅರ್ಧ ಬೆಂಚು ಖಾಲಿ. ದುಡಿಯಲು ಬೆಂಗಳೂರಿಗೋ ಮುಂಬಯಿಗೋ ಹೋದ ತಂದೆತಾಯಿಯ ಹಿಂದೆ ಮಗುವೂ ಹೋಗಿಬಿಡುತ್ತದೆ. ಆದರೆ ನೆರಳಿನ ಪಾಠಕ್ಕೆ ದಿನಕ್ಕೆ ಹತ್ತು ನಿಮಿಷ ಸಾಕು. ನಡುವೆ ಒಂದು ತಿಂಗಳು ಶಾಲೆ ಬಿಟ್ಟು ಬಂದ ಮಗುವೂ ಗೋಡೆಯ ಮೇಲಿನ ಗುರುತು ನೋಡಿ ಮತ್ತೆ ಸೇರಿಕೊಳ್ಳಬಹುದು. ಮುಂಬಯಿಗೆ ಹೋದ ಮಗು ಅಲ್ಲಿಯ ನೆರಳು ಅಳೆದು ತಂದರೆ ತರಗತಿಗೆ ಇನ್ನೊಂದು ಅಕ್ಷಾಂಶವೇ ಸಿಕ್ಕಂತೆ!

ಕಲ್ಲು ಬಡಿದು ಕಲಿತವರು, ಕಲ್ಲು ಸಾಲಾಗಿ ಇಟ್ಟು ಸೂರ್ಯನನ್ನು ಗಮನಿಸಿದ್ದಿರಬಹುದಾದವರು ಬಾಳಿದ ನೆಲ ಇದು. ಮುಂದಿನ ವಿಷುವ ದಿನಕ್ಕೆ ನಿಮ್ಮ ಶಾಲೆಯ ಅಂಗಳದಲ್ಲಿ ಒಂದು ಕೋಲು ನೆಡಿ. ಅಳತೆ ಬರೆದಿಡಿ. ಮತ್ತು ನೆರಳು ಇನ್ನೂ ಸಣ್ಣದಾಗುತ್ತಿದೆ ಎಂದು ಯಾವ ಮಗುವಾದರೂ ಹೇಳಿದರೆ, ದಯವಿಟ್ಟು ಗಡಿಯಾರ ಬಿಟ್ಟು ನೆರಳನ್ನು ನೋಡಿ.